ಕ್ಯಾಪ್ಟನ್ ಯಾವ ಸೇತುವೆಯ ಮೇಲೆ ನಿಂತಿದ್ದ?

ಕಳೆದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಕೊಡುವಾಗ, 'ಬ್ರಿಡ್ಜ್' ಎಂಬ ಒಂದೇ ಪದದ ಮೇಲೆ ಇಡೀ ಅಂಕಣ ಬರೆಯಬಹುದು ಅಂತ ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ನೀವು ಬಿಡ್ತೀರಾ? ಪತ್ರಗಳ ರಾಶಿಯೇ ಬಂದಿದೆ. ಹಲ್ಲು ನೋವಿನವರು, ಪಿಟೀಲಿನವರು, ಇಸ್ಪೀಟಿನವರು, ವೈಫೈ ಕೈಕೊಟ್ಟವರು, ಎಲ್ಲರೂ ಇದ್ದಾರೆ. ನಿಜವಾದ ಸೇತುವೆಯ ಬಗ್ಗೆ ಕೇಳಿದವರು ಮಾತ್ರ ಒಬ್ಬರೇ. ಅವರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಇಂಗ್ಲಿಷ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ ಸರ್. ಅದರಲ್ಲಿ ಹಡಗಿನ ಕ್ಯಾಪ್ಟನ್ 'ಬ್ರಿಡ್ಜ್' ಮೇಲೆ ನಿಂತು ದುರ್ಬೀನಿನಲ್ಲಿ ನೋಡುತ್ತಾನೆ. ಸೇತುವೆ ಎಂದು ಬರೆಯಲೇ?

ಉತ್ತರ: ಬೇಡ. ಆ ತಪ್ಪನ್ನು ನಾನೇ ಮಾಡಿ ಮುಗಿಸಿದ್ದೇನೆ. ಬಹಳ ವರ್ಷಗಳ ಹಿಂದೆ ಇಂಥದೇ ಒಂದು ಕಥೆಗೆ ಕೈ ಹಾಕಿ, 'ಕ್ಯಾಪ್ಟನ್ ಸೇತುವೆಯ ಮೇಲೆ ನಿಂತು ಬಿರುಗಾಳಿಯನ್ನೇ ದಿಟ್ಟಿಸುತ್ತಿದ್ದ' ಎಂದು ಬರೆದು, ವಾಕ್ಯ ಚೆನ್ನಾಗಿ ಬಂತು ಅಂತ ಖುಷಿಯೂ ಪಟ್ಟಿದ್ದೆ. ಕರಡು ಓದಿದ ಗೆಳೆಯ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ್ದ: 'ಹಡಗು ನಡುಸಮುದ್ರದಲ್ಲಿದೆ. ಈ ಪುಣ್ಯಾತ್ಮ ಸೇತುವೆ ಹತ್ತಿದ್ದು ಯಾವಾಗ?'

ಹಡಗಿನಲ್ಲಿ ಬ್ರಿಡ್ಜ್ ಅಂದರೆ ಅದನ್ನು ನಡೆಸುವ ಎತ್ತರದ ಜಾಗ. ಚುಕ್ಕಾಣಿ, ರಾಡಾರ್, ನಕ್ಷೆ ಎಲ್ಲ ಇರುವುದು ಅಲ್ಲೇ. ಹೆಸರಿನ ಕಥೆ ಮಾತ್ರ ಸೊಗಸಾಗಿದೆ. 19ನೇ ಶತಮಾನದ ಉಗಿಹಡಗುಗಳಿಗೆ ಎರಡೂ ಮಗ್ಗುಲಲ್ಲಿ ನೀರು ತಳ್ಳುವ ದೊಡ್ಡ ಚಕ್ರಗಳಿದ್ದವು. ಆ ಚಕ್ರಗಳ ಮೇಲೆ ದೊಡ್ಡ ಗೂಡುಗಳು. ಹಾಯಿಹಡಗಿನ ಕಾಲದಂತೆ ಹಿಂಬದಿಯಲ್ಲಿ ನಿಂತು ಹಡಗು ನಡೆಸೋಣ ಅಂದರೆ ಈ ಗೂಡುಗಳೇ ಕಣ್ಣಿಗೆ ಅಡ್ಡ. ಅದಕ್ಕೆ ಒಂದು ಗೂಡಿನ ತಲೆಯಿಂದ ಇನ್ನೊಂದರ ತಲೆಗೆ ಅಡ್ಡಲಾಗಿ ಕಾಲುದಾರಿ ಹಾಕಿದರು. ಕ್ಯಾಪ್ಟನ್ ಅದರ ಮೇಲೆ ನಿಂತರೆ ನಾಲ್ಕೂ ಕಡೆ ಕಾಣುತ್ತಿತ್ತು, ಎಂಜಿನ್ ನೋಡಿಕೊಳ್ಳುವವರು ಆ ಕಡೆ ಈ ಕಡೆ ಓಡಾಡಿ ಚಕ್ರಗಳನ್ನೂ ನೋಡಬಹುದಿತ್ತು. ಅಂದರೆ ಅದು ನಿಜಕ್ಕೂ ಸೇತುವೆಯೇ! ಆಮೇಲೆ ಚಕ್ರ ಹೋಯಿತು, ಗೂಡು ಹೋಯಿತು, ಹೆಸರು ಉಳಿದುಕೊಂಡಿತು. ನಾನು ಕೊನೆಗೆ 'ಚುಕ್ಕಾಣಿಯ ಅಟ್ಟಣಿಗೆ' ಎಂದು ತಿದ್ದಿದೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಬರೆದು ತಿಳಿಸಿ.

ಅವತ್ತಿನಿಂದ ನನಗೆ ಒಂದು ಅಭ್ಯಾಸ ಬಿದ್ದಿದೆ. ಎಲ್ಲಿ ಬ್ರಿಡ್ಜ್ ಕಂಡರೂ ಅದರ ಎರಡು ದಡ ಯಾವುವು ಅಂತ ಮೊದಲು ಹುಡುಕುತ್ತೇನೆ. ದಡ ಸಿಕ್ಕಿತೋ, ಅರ್ಥ ತಾನಾಗಿಯೇ ಸಿಗುತ್ತದೆ.

ಪ್ರಶ್ನೆ: ಸೇತುವೆಗೂ ಬ್ರಿಡ್ಜಿಗೂ ಮೂಲದಲ್ಲಿ ಏನಾದರೂ ನಂಟಿದೆಯೇ?

ಉತ್ತರ: ಇಲ್ಲ. ನಮ್ಮ ಸೇತುವೆ ಸಂಸ್ಕೃತದ ಸೇತುವಿನಿಂದ ಬಂದದ್ದು, ಅದರ ಬೇರಿನಲ್ಲಿ ಇರುವುದು 'ಕಟ್ಟು' ಎಂಬ ಅರ್ಥ. ಹಾಗಾಗಿ ಸಂಸ್ಕೃತದಲ್ಲಿ ಸೇತು ಅಂದರೆ ನೀರಿಗೆ ಹಾಕಿದ ಒಡ್ಡೂ ಹೌದು, ಹೊಲದ ಬದುವೂ ಹೌದು. ಬ್ರಿಡ್ಜ್ ಜರ್ಮನಿಕ್ ಕುಲದ ಪದ, ಜರ್ಮನ್ನಿನ 'ಬ್ರುಕೆ' ಅದರ ದಾಯಾದಿ. ಇದರ ಬೇರನ್ನು ಭಾಷೆಯ ಪಂಡಿತರು ಮರದ ದಿಮ್ಮಿಗೆ ಒಯ್ದು ಮುಟ್ಟಿಸುತ್ತಾರೆ. ಹಳ್ಳಕ್ಕೆ ಅಡ್ಡಲಾಗಿ ಒಂದು ದಿಮ್ಮಿ ಉರುಳಿಸಿದರೆ ಅದೇ ಮೊದಲ ಬ್ರಿಡ್ಜ್ ಅಲ್ವಾ. ನಮ್ಮಲ್ಲಿ ಅದಕ್ಕೆ 'ಸಂಕ' ಎಂಬ ಚಂದದ ಪದವಿದೆ. ಸುಮ್ನೆ ಮೂಲೆಗೆ ಸೇರಿಸಿದ್ದೇವೆ.

ಯುರೋಪಿನ ಊರುಗಳ ಹೆಸರಿನಲ್ಲೂ ಸೇತುವೆ ಅಡಗಿ ಕೂತಿದೆ. ಬ್ರಿಸ್ಟಲ್ ಅಂದರೆ ಸೇತುವೆಯ ಹತ್ತಿರದ ಜಾಗ. ಇನ್ಸ್‌ಬ್ರುಕ್ ಅಂದರೆ ಇನ್ ನದಿಯ ಸೇತುವೆ. ಮೋಸ್ಟಾರ್ ಎಂಬ ಹೆಸರು ಬಂದದ್ದು ಸೇತುವೆ ಕಾಯುವವರಿಂದ. ಕೇಂಬ್ರಿಡ್ಜ್‌ದು ತಿರುಗುಮುರುಗಾದ ಕಥೆ. ಅಲ್ಲಿನ ನದಿಯ ಹಳೆಯ ಹೆಸರು ಗ್ರಾಂಟಾ, ಊರು ಗ್ರಾಂಟಾದ ಸೇತುವೆ. ಜನರ ಬಾಯಲ್ಲಿ ಊರಿನ ಹೆಸರು ಸವೆದು ಸವೆದು ಕೇಂಬ್ರಿಡ್ಜ್ ಆಯಿತು. ಆಮೇಲೆ 'ಓಹೋ, ಇಲ್ಲಿ ಹರಿಯುವುದು ಕ್ಯಾಮ್ ಇರಬೇಕು' ಅಂತ ನದಿಗೇ ಹೊಸ ಹೆಸರು ಇಟ್ಟರು. ಮಗನ ಹೆಸರು ನೋಡಿ ಅಪ್ಪನಿಗೆ ಹೆಸರಿಟ್ಟ ಹಾಗೆ.

ಪ್ರಶ್ನೆ: ಪುಸ್ತಕವನ್ನು ಸಂಕ್ಷೇಪ ಮಾಡುವುದಕ್ಕೆ 'ಅಬ್ರಿಡ್ಜ್' ಅನ್ನುತ್ತಾರಲ್ಲ, ಉದ್ದದ ಪುಸ್ತಕದ ಮೇಲೆ ಸೇತುವೆ ಹಾಕಿ ಬೇಗ ದಾಟಿಸುವುದು ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಸರಿ ತಾನೇ?

ಉತ್ತರ: ಮೇಡಂ, ವಿವರಣೆ ಎಷ್ಟು ಚೆನ್ನಾಗಿದೆ ಅಂದರೆ ತಪ್ಪು ಅನ್ನುವುದಕ್ಕೇ ಬೇಜಾರು. ಆದರೂ ತಪ್ಪೇ. ಅಬ್ರಿಡ್ಜ್ ಬಂದದ್ದು ಲ್ಯಾಟಿನ್ನಿನ 'ಬ್ರೆವಿಸ್' ಎಂಬ ಪದದಿಂದ, ಫ್ರೆಂಚಿನ ದಾರಿ ಹಿಡಿದು. ಬ್ರೆವಿಸ್ ಅಂದರೆ ಗಿಡ್ಡ. 'ಅಬ್ರಿವಿಯೇಷನ್' ಅದರ ಒಡಹುಟ್ಟು. ಬ್ರಿಡ್ಜಿಗೂ ಅದಕ್ಕೂ ಮುಖ ಹೋಲುತ್ತದೆ, ರಕ್ತಸಂಬಂಧ ಇಲ್ಲ.

ಪ್ರಶ್ನೆ: ಕೆಳಗಿನ ಒಂದು ದವಡೆಹಲ್ಲು ಕೀಳಿಸಿದ್ದೇನೆ. ಡಾಕ್ಟರು 'ಬ್ರಿಡ್ಜ್' ಹಾಕೋಣ, ಅಕ್ಕಪಕ್ಕದ ಹಲ್ಲು ಸ್ವಲ್ಪ ಉಜ್ಜಬೇಕು ಅಂದರು. ಗಟ್ಟಿಯಾಗಿರುವ ಹಲ್ಲನ್ನು ಯಾಕೆ ಉಜ್ಜಬೇಕು? ಭಯವಾಗುತ್ತಿದೆ.

ಉತ್ತರ: ನಾನು ಡಾಕ್ಟರಲ್ಲ, ನಿಮ್ಮ ಬಾಯಿಗೆ ಯಾವುದು ಸರಿ ಎನ್ನುವುದನ್ನು ಅವರೇ ಹೇಳಬೇಕು. ಆದರೆ ಯಾಕೆ ಉಜ್ಜುತ್ತಾರೆ ಅನ್ನುವುದು ಈ ಪದದಲ್ಲೇ ಇದೆ. ಇಲ್ಲಿ ದಡ ಅಂದರೆ ಖಾಲಿ ಜಾಗದ ಆ ಕಡೆ ಈ ಕಡೆ ಇರುವ ಎರಡು ಹಲ್ಲುಗಳು. ನಡುವಿನ ಕೃತಕ ಹಲ್ಲಿಗೆ ತನ್ನದೇ ಬೇರಿಲ್ಲ, ಅದು ನೇತಾಡುತ್ತಾ ನಿಲ್ಲುವುದು ಈ ಎರಡರ ಆಸರೆಯಲ್ಲಿ. ಆಸರೆ ಹಲ್ಲುಗಳಿಗೆ ಟೋಪಿ ತೊಡಿಸಬೇಕು. ಇದ್ದ ಹಲ್ಲಿನ ಮೇಲೆ ಹಾಗೇ ಟೋಪಿ ಇಟ್ಟರೆ ಹಲ್ಲು ದಪ್ಪವಾಗಿ ಬಾಯಿ ಮುಚ್ಚಲಿಕ್ಕೇ ಆಗುವುದಿಲ್ಲ. ಅದಕ್ಕೇ ಟೋಪಿಯ ದಪ್ಪದಷ್ಟು ಉಜ್ಜಿ ತೆಗೆಯುತ್ತಾರೆ. ಮೂರೂ ಸೇರಿ ಒಂದೇ ತುಂಡಾಗಿ ಬರುತ್ತದೆ: ಟೋಪಿ, ನಡುವೆ ಹುಸಿ ಹಲ್ಲು, ಮತ್ತೆ ಟೋಪಿ.

ತಮಾಷೆ ಏನು ಗೊತ್ತಾ? ಆಸರೆ ಹಲ್ಲಿಗೆ ದಂತವೈದ್ಯರು ಹೇಳುವ 'ಅಬಟ್ಮೆಂಟ್' ಎಂಬ ಪದವನ್ನೇ ಸೇತುವೆ ಕಟ್ಟುವ ಎಂಜಿನಿಯರುಗಳೂ ಎರಡು ತುದಿಯ ಆಧಾರ ಗೋಡೆಗೆ ಹೇಳುತ್ತಾರೆ. ನಡುವಿನ ಹುಸಿ ಹಲ್ಲಿಗೆ 'ಪಾಂಟಿಕ್' ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ 'ಪಾನ್ಸ್' ಅಂದರೆ ಸೇತುವೆ. ಈ ಪಾನ್ಸ್ ಅನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ತಲೆಯೊಳಗೇ ಸಿಗುತ್ತದೆ.

ಉಜ್ಜುವುದು ಬೇಡ ಅನ್ನುವವರಿಗೆ ಬೇರೆ ದಾರಿಗಳೂ ಇವೆ. ಹಲ್ಲಿನ ಹಿಂಬದಿಗೆ ತೆಳುವಾದ ರೆಕ್ಕೆ ಅಂಟಿಸುವ 'ಮೇರಿಲ್ಯಾಂಡ್ ಬ್ರಿಡ್ಜ್' ಒಂದು, ಅದು ಹೆಚ್ಚಾಗಿ ಅಗಿಯುವ ಒತ್ತಡ ಕಡಿಮೆ ಇರುವ ಮುಂದಿನ ಹಲ್ಲಿಗೆ. ದವಡೆಮೂಳೆಗೇ ತಿರುಪು ಕೂರಿಸುವ ಇಂಪ್ಲಾಂಟ್ ಇನ್ನೊಂದು, ಅದರಲ್ಲಿ ಪಕ್ಕದ ಹಲ್ಲಿನ ತಂಟೆಗೇ ಹೋಗುವುದಿಲ್ಲ. 'ನನಗೆ ಇಂಪ್ಲಾಂಟ್ ಯಾಕೆ ಬೇಡ?' ಎಂದು ನೇರವಾಗಿ ಕೇಳಿ, ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ. ಬ್ರಿಡ್ಜೇ ಹಾಕಿಸಿಕೊಂಡರೆ ಅದರ ಕೆಳಗಿನ ಸಂದಿಯನ್ನು ದಿನಾ ಸ್ವಚ್ಛ ಮಾಡಬೇಕು. ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಒಂದು ತುದಿ ಗಟ್ಟಿ ಇರುವ ಫ್ಲಾಸ್ ದಾರವನ್ನು ಸೂಜಿಗೆ ಪೋಣಿಸಿದ ಹಾಗೆ ಕೆಳಗಿನಿಂದ ತೂರಿಸಿ ಎಳೆಯಬೇಕು. ಇದನ್ನು ಮರೆತರೆ ಹುಸಿ ಹಲ್ಲಿಗೆ ಏನೂ ಆಗುವುದಿಲ್ಲ, ಹುಳುಕು ಹಿಡಿಯುವುದು ಆಸರೆ ಕೊಟ್ಟ ಹಲ್ಲಿಗೆ.

ಪ್ರಶ್ನೆ: ನನ್ನ ಕನ್ನಡಕ ಜಾರುತ್ತಲೇ ಇರುತ್ತದೆ. ಅಂಗಡಿಯವರು 'ಬ್ರಿಡ್ಜ್ ಅಗಲ ಜಾಸ್ತಿ' ಅಂದರು. ಯಾವ ಬ್ರಿಡ್ಜ್?

ಉತ್ತರ: ಕನ್ನಡಕ ತೆಗೆದು ಕಡ್ಡಿಯ ಒಳಮೈ ನೋಡಿ. (ತೆಗೆದರೆ ಕಾಣುವುದಿಲ್ಲ ಅಂತೀರಾ? ಮನೆಯಲ್ಲಿ ಬೇರೆಯವರಿಗೆ ಹೇಳಿ.) ಸಣ್ಣ ಅಕ್ಷರದಲ್ಲಿ 52-18-140 ಎಂಬಂತೆ ಮೂರು ಅಂಕಿ ಇರುತ್ತವೆ, ಮೊದಲೆರಡರ ನಡುವೆ ಒಂದು ಪುಟ್ಟ ಚೌಕ ಇದ್ದರೂ ಇರಬಹುದು. 52 ಅಂದರೆ ಒಂದು ಗಾಜಿನ ಅಗಲ, 140 ಅಂದರೆ ಕಡ್ಡಿಯ ಉದ್ದ. ನಡುವಿನ 18 ನಿಮ್ಮ ಬ್ರಿಡ್ಜ್, ಎರಡು ಗಾಜಿನ ನಡುವಿನ ದೂರ. ಎಲ್ಲ ಮಿಲಿಮೀಟರ್ ಲೆಕ್ಕ. ಮೂಗಿನ ಮೇಲೆ ಕೂರುವ ಜಾಗ ಅದೇ ಆದ್ದರಿಂದ ಅಗಲ ಜಾಸ್ತಿ ಆದರೆ ಜಾರುತ್ತದೆ, ಕಡಿಮೆ ಆದರೆ ಒತ್ತಿ ಕೆಂಪು ಗುರುತು ಬೀಳುತ್ತದೆ. ಲೋಹದ ಫ್ರೇಮಿನಲ್ಲಾದರೆ ಮೂಗಿನ ಪುಟ್ಟ ಮೆತ್ತೆಗಳನ್ನು ಒಳಕ್ಕೆ ಬಗ್ಗಿಸಿ ಸರಿ ಮಾಡಬಹುದು. ಹೊಸದು ಕೊಳ್ಳುವಾಗ ಈ ನಡುವಿನ ಅಂಕಿ ಬರೆದಿಟ್ಟುಕೊಂಡು ಹೋಗಿ. ಇನ್ನು ಮೂಗಿನ ಮೇಲ್ಭಾಗದ ಎಲುಬಿನ ಭಾಗಕ್ಕೂ ಇಂಗ್ಲಿಷಿನಲ್ಲಿ ಬ್ರಿಡ್ಜ್ ಅಂತಲೇ ಹೆಸರು. ಅಲ್ಲಿಗೆ ಬ್ರಿಡ್ಜ್ ಮೇಲೆ ಬ್ರಿಡ್ಜ್ ಕೂತ ಹಾಗಾಯಿತು. ನಮಗೆ 'ಮೂಗಿನ ದಿಂಡು' ಸಾಕು.

ಪ್ರಶ್ನೆ: ಮಗಳ ಪಿಟೀಲಿನ ತಂತಿ ಬದಲಾಯಿಸಲು ಹೋಗಿ ನಾಲ್ಕನ್ನೂ ಒಟ್ಟಿಗೆ ಬಿಚ್ಚಿದೆ. ಮಧ್ಯದ ಮರದ ಬ್ರಿಡ್ಜ್ ಟಪ್ ಅಂತ ಬಿದ್ದುಹೋಯಿತು. ಯಾವ ಅಂಟಿನಲ್ಲಿ ಅಂಟಿಸಲಿ?

ಉತ್ತರ: ಅಂಟಿನ ಬಾಟಲಿಯನ್ನು ಮೊದಲು ಕೆಳಗಿಡಿ! ಅದು ಯಾವತ್ತೂ ಅಂಟಿಸಿರಲೇ ಇಲ್ಲ. ಪಿಟೀಲಿನ ಬ್ರಿಡ್ಜ್ ಮೇಪಲ್ ಮರದ ಒಂದು ತೆಳು ಚೂರು, ಅದನ್ನು ನಿಲ್ಲಿಸಿರುವುದು ತಂತಿಗಳ ಒತ್ತಡ ಮಾತ್ರ. ತಂತಿ ಸಡಿಲವಾದರೆ ಬೀಳಲೇಬೇಕು. ಅದಕ್ಕೇ ಬಲ್ಲವರು ಒಂದು ತಂತಿ ತೆಗೆದು, ಹೊಸದು ಹಾಕಿ, ಬಿಗಿ ಮಾಡಿ, ಆಮೇಲೆ ಇನ್ನೊಂದಕ್ಕೆ ಹೋಗುತ್ತಾರೆ.

ಈಗ ಒಂದು ಕೆಲಸ ಮಾಡಿ. ಪಿಟೀಲನ್ನು ಮೆಲ್ಲಗೆ ಓರೆ ಮಾಡಿ ಕಿವಿಗೊಟ್ಟು ಕೇಳಿ. ಒಳಗೆ ಕಡ್ಡಿ ಉರುಳಾಡುವ ಸದ್ದು ಬಂದರೆ ಒಳಗಿನ ಊರುಗೋಲೂ ಬಿದ್ದಿದೆ ಎಂದರ್ಥ. ಆ ಕಡ್ಡಿಯೂ ಅಂಟಿಲ್ಲದೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಸಿಕ್ಕಿಕೊಂಡು ನಿಂತಿರುತ್ತದೆ, ಇಟಾಲಿಯನ್ನರು ಅದಕ್ಕೆ 'ಆತ್ಮ' ಅನ್ನುತ್ತಾರೆ. ಅದು ಬಿದ್ದಿದ್ದರೆ ತಂತಿ ಬಿಗಿ ಮಾಡಲೇಬೇಡಿ, ಮೇಲಿನ ಹಲಗೆ ಬಿರುಕು ಬಿಡಬಹುದು. ರಿಪೇರಿಯವರ ಹತ್ತಿರ ಹೋಗಿ. ಬಿದ್ದಿಲ್ಲದಿದ್ದರೆ ಬ್ರಿಡ್ಜನ್ನು ಎರಡು ಸೀಳುರಂಧ್ರಗಳ ನಡುವೆ, ರಂಧ್ರದ ಒಳಗಿನ ಪುಟ್ಟ ಕಚ್ಚುಗಳ ಸಾಲಿಗೆ ನಿಲ್ಲಿಸಿ, ಎತ್ತರದ ಬದಿ ದಪ್ಪ ತಂತಿಯ ಕಡೆಗೆ. ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಬಿಗಿಯುವಾಗ ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ, ಆಗಾಗ ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡಬೇಕು.

ಇಲ್ಲಿನ ದಡ ಯಾವುದು? ತಂತಿ ಒಂದು, ಪೆಟ್ಟಿಗೆ ಒಂದು. ತಂತಿ ಎಷ್ಟೇ ಅದುರಿದರೂ ತಾನಾಗಿ ಗಾಳಿಯನ್ನು ಅಲ್ಲಾಡಿಸುವ ಶಕ್ತಿ ಅದಕ್ಕಿಲ್ಲ, ತೀರಾ ತೆಳು. ಅದರ ಅದುರುವಿಕೆ ಈ ಮರದ ಚೂರನ್ನು ದಾಟಿ ಪೆಟ್ಟಿಗೆಗೆ ಇಳಿದ ಮೇಲೇ ನಮಗೆ ನಾದ ಕೇಳಿಸುವುದು. ಇಂಗ್ಲಿಷಿನವರು ಕಂಡದ್ದು ಸೇತುವೆ. ಇಟಾಲಿಯನ್ನರಿಗೂ 'ಪುಟ್ಟ ಸೇತುವೆ', ಜರ್ಮನ್ನರಿಗೆ 'ಕಾಲುಸಂಕ'. ನಮ್ಮವರಿಗೆ ಕಂಡದ್ದು ಮಾತ್ರ ಕುದುರೆ! ವೀಣೆಯ, ತಂಬೂರಿಯ ಬ್ರಿಡ್ಜಿಗೆ ಕನ್ನಡದಲ್ಲಿ ಕುದುರೆ ಅಂತಲೇ ಹೆಸರು, ತಂತಿಗಳು ಅದರ ಬೆನ್ನೇರಿ ಕೂತಿವೆ ಅಲ್ವಾ. ಫ್ರೆಂಚರಿಗೂ ಅದು 'ಚಿಕ್ಕ ಕುದುರೆ', ರಷ್ಯನ್ನರಿಗೆ 'ಪುಟ್ಟ ಹೆಣ್ಣುಕುದುರೆ', ಹಿಂದಿಯವರಿಗೂ ಕುದುರೆಯೇ. ಒಬ್ಬರನ್ನೊಬ್ಬರು ಕೇಳಿ ಇಟ್ಟ ಹೆಸರಂತೂ ಅಲ್ಲ ಅನಿಸುತ್ತದೆ, ಆದರೂ ಎಲ್ಲರ ಕಣ್ಣಿಗೂ ಅದೇ ಕಂಡಿದೆ. ಹಾಗಾಗಿ ಸಂಗೀತದ ಲೇಖನದಲ್ಲಿ 'ವೀಣೆಯ ಸೇತುವೆ' ಎಂದು ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮನೆಯಲ್ಲೇ ಕುದುರೆ ಇಟ್ಟುಕೊಂಡು ಸೇತುವೆ ಹುಡುಕಿಕೊಂಡು ಹೋಗುವುದು ಯಾಕೆ?

ಪಿಟೀಲಿನ ಕುದುರೆಯ ಬೆನ್ನು ಕತ್ತಿಯಂಚಿನ ಹಾಗೆ ತೆಳು, ವೀಣೆ ತಂಬೂರಿಗಳದ್ದು ಅಗಲ, ಸ್ವಲ್ಪ ಬಾಗಿದ್ದು. ತಂತಿ ಅದುರುವಾಗ ಆ ಬಾಗಿದ ಮೈಯನ್ನು ಮುಟ್ಟಿ ಬಿಟ್ಟು ಮುಟ್ಟಿ ಬಿಟ್ಟು ಹೋಗುತ್ತದೆ. ತಂಬೂರಿಯಲ್ಲಿ ತಂತಿಯ ಅಡಿಗೆ ಒಂದೆಳೆ ದಾರವನ್ನೂ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಹೋದರೆ, ಮಂಕಾಗಿದ್ದ ತಂತಿ ಒಂದು ಜಾಗದಲ್ಲಿ ತಟ್ಟನೆ ಜೀವ ಬಂದಂತೆ ಝೇಂಕರಿಸುತ್ತದೆ. ಸಿ.ವಿ. ರಾಮನ್ 1921ರಲ್ಲಿ ಇದರ ಬಗ್ಗೆಯೇ ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ಅಲುಗದೆ ನಿಲ್ಲಬೇಕಾದ ಸ್ವರಾಂಶಗಳು (ಒಂದೇ ನಾದದೊಳಗೆ ಬೆರೆತಿರುವ ಸಣ್ಣ ಸ್ವರಗಳು) ಕೇಳಿಸಲೇಬಾರದು ಎನ್ನುವುದು ಆಗಿನ ನಿಯಮ. ವೀಣೆ ತಂಬೂರಿಗಳಲ್ಲಿ ಅವು ಚೆನ್ನಾಗಿಯೇ ಕೇಳಿಸುತ್ತವೆ, ಕಾರಣ ಕುದುರೆಯ ಆ ಆಕಾರ ಎಂದು ಅವರು ತೋರಿಸಿದರು.

ಪ್ರಶ್ನೆ: ಹಾಡಿನಲ್ಲೂ ಬ್ರಿಡ್ಜ್ ಇರುತ್ತದಂತೆ?

ಉತ್ತರ: ಹೌದು. ಪಲ್ಲವಿ, ಚರಣ ಎರಡೂ ಒಂದೆರಡು ಸಲ ಬಂದು ಕಿವಿಗೆ ಒಗ್ಗಿಹೋದ ಮೇಲೆ, ಬೇರೆಯೇ ಧಾಟಿಯಲ್ಲಿ ಒಂದು ತುಣುಕು ಬಂದು ಮತ್ತೆ ಪಲ್ಲವಿಗೆ ಕರೆದುಕೊಂಡು ಹೋಗುತ್ತದಲ್ಲ, ಅದು. ಪಾಶ್ಚಾತ್ಯ ಪಾಪ್ ಹಾಡುಗಳಲ್ಲಿ ಜಾಸ್ತಿ.

ಪ್ರಶ್ನೆ: ಇಸ್ಪೀಟಿನ ಬ್ರಿಡ್ಜ್ ಆಟದಲ್ಲಿ ಎರಡು ದಡ ಯಾವುದು? ಎದುರುಬದುರು ಕೂತ ಜೊತೆಗಾರರೇ?

ಉತ್ತರ: ಚೆನ್ನಾದ ಊಹೆ, ಆದರೆ ಇಲ್ಲಿ ನನ್ನ ದಡದ ಸೂತ್ರ ಕೈಕೊಡುತ್ತದೆ. ಆಟದ ಹೆಸರಿಗೂ ಸೇತುವೆಗೂ ನಂಟಿಲ್ಲ ಅನ್ನುವುದೇ ಹೆಚ್ಚಿನವರ ಅಭಿಪ್ರಾಯ. 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಟ್ಟ ಪುಸ್ತಿಕೆಯಲ್ಲಿ ಇದರ ಹಳೆಯ ರೂಪಕ್ಕೆ 'ಬಿರಿಚ್' ಎಂಬ ಹೆಸರಿದೆ. ಇಂಗ್ಲಿಷರ ನಾಲಿಗೆ ಅದನ್ನು ತನಗೆ ಗೊತ್ತಿದ್ದ ಬ್ರಿಡ್ಜ್ ಮಾಡಿಕೊಂಡಿತು. ಈಗ ಆಡುವ 'ಕಾಂಟ್ರಾಕ್ಟ್ ಬ್ರಿಡ್ಜ್'ನ ಅಂಕದ ಪದ್ಧತಿಯನ್ನು ಹೆರಾಲ್ಡ್ ವಾಂಡರ್‌ಬಿಲ್ಟ್ ಎಂಬ ಅಮೆರಿಕದ ಸಿರಿವಂತ 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ಕೂತು ರೂಪಿಸಿದ. ಹಡಗಿನಲ್ಲೇ! ಅಲ್ಲಿ ಬ್ರಿಡ್ಜ್ ಮೇಲೆ ಕ್ಯಾಪ್ಟನ್, ಕೆಳಗೆ ಬ್ರಿಡ್ಜ್ ಆಡುವ ಪ್ರಯಾಣಿಕರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ, ಎರಡು ಜೋಡಿ, ತಲೆಗೆ 13 ಎಲೆ. ಮೊದಲು ಹರಾಜು: 'ನಾವು ಇಷ್ಟು ಸುತ್ತು ಗೆಲ್ಲುತ್ತೇವೆ, ತುರುಪು ಇದು' ಎಂದು ಕೂಗಬೇಕು. ಆರು ಸುತ್ತು ಲೆಕ್ಕಕ್ಕೇ ಇಲ್ಲ, ಅದರ ಮೇಲಿನದ್ದಷ್ಟೇ ಕೂಗುವುದು. 'ಎರಡು' ಅಂದರೆ ಎಂಟು ಸುತ್ತು ಗೆದ್ದು ತೋರಿಸುವ ಮಾತು ಕೊಟ್ಟ ಹಾಗೆ. ಹರಾಜು ಗೆದ್ದವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ನೆ ಕೂರಬೇಕು. ನನಗೆ ಈ ಆಟದಲ್ಲಿ ಇಷ್ಟವಾಗುವುದು ಅದೇ, ಗಂಡ ಹೆಂಡತಿ ಜೋಡಿಯಾಗಿ ಆಡುವಾಗ ಒಬ್ಬರು ಬಾಯಿ ಬಿಡುವಂತಿಲ್ಲ. 52ರಲ್ಲಿ 13 ಎಲೆ ಕೈಗೆ ಬರುವ ಬಗೆಗಳು 63,501 ಕೋಟಿಗೂ ಜಾಸ್ತಿ, ಹಾಗಾಗಿ ಹಳೆಯ ಕೈ ಮತ್ತೆ ಬಂತು ಅಂತ ಬೇಜಾರು ಪಡುವ ಹಾಗಿಲ್ಲ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಇದು ಪದಕದ ಆಟವೂ ಆಗಿತ್ತು.

ಪ್ರಶ್ನೆ: ಮನೆಗೆ ಇಂಟರ್ನೆಟ್ ಕೊಟ್ಟವರ ಡಬ್ಬಿ ಒಂದಿದೆ. ಅದರ ಮುಂದೆ ನನ್ನದೇ ವೈಫೈ ರೌಟರ್ ಹಾಕಿದ್ದೇನೆ. ಮಗನ ಆಟ ಪದೇಪದೇ ಕಡಿದುಹೋಗುತ್ತದೆ, ಹೊರಗಿನಿಂದ ಕ್ಯಾಮೆರಾ ನೋಡಲು ಆಗುವುದಿಲ್ಲ. 'ಬ್ರಿಡ್ಜ್ ಮೋಡ್' ಹಾಕಿ ಎಂದು ಯಾರೋ ಹೇಳಿದರು.

ಉತ್ತರ: ಆ ಯಾರೋ ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಮನೆಯಲ್ಲಿ ಈಗ ಇಬ್ಬರು ಯಜಮಾನರು. ಕಂಪನಿಯ ಡಬ್ಬಿಯೂ ರೌಟರ್, ನಿಮ್ಮದೂ ರೌಟರ್. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ವಿಳಾಸ ಹಂಚುತ್ತಾರೆ, ಹೊರಗಿನಿಂದ ಬಂದ ಕರೆ ಮೊದಲ ಬಾಗಿಲಲ್ಲೇ ನಿಂತುಬಿಡುತ್ತದೆ. ಬ್ರಿಡ್ಜ್ ಮೋಡ್ ಅಂದರೆ ಕಂಪನಿಯ ಡಬ್ಬಿಗೆ 'ನೀನು ಯಜಮಾನಿಕೆ ಬಿಡು, ಬಂದದ್ದನ್ನು ಹಾಗೇ ದಾಟಿಸು' ಅನ್ನುವುದು. ಆಮೇಲೆ ಎಲ್ಲ ನಿರ್ಧಾರ ನಿಮ್ಮ ರೌಟರಿನದು.

ಒತ್ತುವ ಮುಂಚೆ ಒಂದು ವಿಷಯ. ಕಂಪನಿಯ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಸಂಪರ್ಕ ಪಡೆಯುವ ವ್ಯವಸ್ಥೆ ಇದ್ದರೆ ಅವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ, ಇನ್ನು ಅವನ್ನು ನಿಮ್ಮ ರೌಟರಿನಲ್ಲಿ ತುಂಬಬೇಕಾಗುತ್ತದೆ. ಡಬ್ಬಿಯ ಸ್ವಂತ ವೈಫೈ ಸಾಮಾನ್ಯವಾಗಿ ಆರಿಹೋಗುತ್ತದೆ. ಅದಕ್ಕೆ ಲ್ಯಾಂಡ್‌ಲೈನ್ ಸಿಕ್ಕಿಸಿದ್ದರೆ ಅದು ನಡೆಯುತ್ತದೋ ಇಲ್ಲವೋ ಕೇಳಿ. ನಾನು ಇದ್ಯಾವುದನ್ನೂ ಕೇಳದೆ ಒಂದು ಭಾನುವಾರ ಬೆಳಗ್ಗೆ ಆ ಗುಂಡಿ ಒತ್ತಿ, ಸಂಜೆಯವರೆಗೆ ಮನೆಯವರ ಬಾಯಲ್ಲಿ ಮಂಗಳಾರತಿ ಮಾಡಿಸಿಕೊಂಡಿದ್ದೇನೆ.

ನೆಟ್‌ವರ್ಕಿನಲ್ಲಿ ಬ್ರಿಡ್ಜ್ ಎಂಬ ಪದ ಹಳೆಯದು. ಎರಡು ಜಾಲಗಳನ್ನು ಒಂದೇ ಜಾಲ ಅನ್ನುವ ಹಾಗೆ ಸೇರಿಸುವ ಸಾಧನ ಅದು. ಇಂಥ ಬ್ರಿಡ್ಜ್‌ಗಳು ಜಾಸ್ತಿಯಾಗಿ ಒಂದು ಸುತ್ತು ಏರ್ಪಟ್ಟರೆ ಸಂದೇಶ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಇದಕ್ಕೆ ಪರಿಹಾರ ಕಂಡುಹಿಡಿದರು. ಬ್ರಿಡ್ಜ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಹೆಚ್ಚುವರಿ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಸುತ್ತೇ ಇಲ್ಲದ ಮರದಂಥ ಹಾದಿ ಮಾಡಿಕೊಳ್ಳುತ್ತವೆ. ಒಂದು ದಾರಿ ಕೆಟ್ಟರೆ ಮುಚ್ಚಿದ್ದನ್ನು ತೆರೆಯುತ್ತವೆ.

ಪ್ರಶ್ನೆ: ವೀಟ್‌ಸ್ಟನ್ ಬ್ರಿಡ್ಜ್ ಓದಿ ಓದಿ ಸಾಕಾಗಿದೆ. ಅದರಲ್ಲಿ ಬ್ರಿಡ್ಜ್ ಎಲ್ಲಿದೆ ಸಾರ್?

ಉತ್ತರ: ಚಿತ್ರ ಬರೆದು ನೋಡಿ. ಗೊತ್ತಿಲ್ಲದ ರೋಧವನ್ನು ಅಳೆಯುವ ಸರ್ಕ್ಯೂಟ್ ಇದು, ವಜ್ರದ ಆಕಾರದಲ್ಲಿ ನಾಲ್ಕು ರೋಧಕ. ಕರೆಂಟ್ ಒಂದು ತುದಿಯಲ್ಲಿ ಕವಲೊಡೆದು ಎರಡು ದಾರಿಯಲ್ಲಿ ಹೋಗಿ ಇನ್ನೊಂದು ತುದಿಯಲ್ಲಿ ಸೇರುತ್ತದೆ. ಆ ಎರಡು ದಾರಿಗಳೇ ದಡಗಳು. ನಡುವೆ ಕರೆಂಟ್ ಹರಿಯುವುದನ್ನು ತೋರಿಸುವ ಗ್ಯಾಲ್ವನೋಮೀಟರ್ ಅಡ್ಡಲಾಗಿ ಕೂತಿದೆಯಲ್ಲ, ಅದೇ ಬ್ರಿಡ್ಜ್. ಎರಡೂ ಕಡೆಯ ಅನುಪಾತ ಸರಿಯಾದಾಗ ಈ ಸೇತುವೆಯ ಮೇಲೆ ಯಾರೂ ಓಡಾಡುವುದಿಲ್ಲ, ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ಖಾಲಿ ಬಿದ್ದಾಗಲೇ ಉಪಯೋಗಕ್ಕೆ ಬರುವ ಸೇತುವೆ ಇದೊಂದೇ ಇರಬೇಕು! ಇದನ್ನು 1833ರಲ್ಲಿ ಮೊದಲು ವಿವರಿಸಿದ್ದು ಸ್ಯಾಮ್ಯುಯೆಲ್ ಕ್ರಿಸ್ಟಿ. ಹತ್ತು ವರ್ಷದ ನಂತರ ವೀಟ್‌ಸ್ಟನ್ ಅದನ್ನು ಎಲ್ಲರಿಗೂ ಪರಿಚಯಿಸಿದ, ಅದೂ ಕ್ರಿಸ್ಟಿಯ ಹೆಸರು ಹೇಳಿಯೇ. ಆದರೂ ಜನ ಕೇಳಬೇಕಲ್ಲ. ತೂಕದ ಡಿಜಿಟಲ್ ಯಂತ್ರದ ಮೇಲೆ ನೀವು ನಿಂತಾಗ ಕೆಳಗಿನ ಲೋಹ ಚೂರೇ ಚೂರು ಬಾಗಿ, ಅದಕ್ಕೆ ಅಂಟಿಸಿದ ರೋಧಕ ಬದಲಾಗಿ, ಆ ಬದಲಾವಣೆಯನ್ನು ಹಿಡಿಯುವುದು ಇದೇ ಬ್ರಿಡ್ಜ್.

ಪ್ರಶ್ನೆ: ಕೆಮಿಸ್ಟ್ರಿಯ 'ಸಾಲ್ಟ್ ಬ್ರಿಡ್ಜ್' ಮೇಲೆ ಎಲೆಕ್ಟ್ರಾನ್ ಹೋಗುತ್ತದೆ ಎಂದು ಬರೆದೆ. ಮೇಷ್ಟ್ರು ಅಂಕ ಕೊಡಲಿಲ್ಲ.

ಉತ್ತರ: ನಾನೂ ಕೊಡುತ್ತಿರಲಿಲ್ಲ. ಎರಡು ಪಾತ್ರೆಗಳ ದ್ರಾವಣದಿಂದ ವಿದ್ಯುತ್ ಪಡೆಯುವ ಆ ಪ್ರಯೋಗದಲ್ಲಿ ಎಲೆಕ್ಟ್ರಾನ್ ಹೋಗುವುದು ಹೊರಗಿನ ತಂತಿಯಲ್ಲಿ. ಉಪ್ಪಿನ ದ್ರಾವಣ ತುಂಬಿದ ಆ ಕೊಳವೆಯಲ್ಲಿ ಹೋಗುವುದು ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು. ಅವು ಹೋಗದಿದ್ದರೆ ಎರಡೂ ಪಾತ್ರೆಯಲ್ಲಿ ವಿದ್ಯುದಂಶ ಏರುಪೇರಾಗಿ ತಂತಿಯ ಓಡಾಟವೂ ನಿಂತುಹೋಗುತ್ತದೆ. ಕೊಳವೆ ಎತ್ತಿ ನೋಡಿ, ಮುಳ್ಳು ತಕ್ಷಣ ಸೊನ್ನೆಗೆ ಬೀಳುತ್ತದೆ.

ನಿಮ್ಮ ತಲೆಕೂದಲಲ್ಲೂ ರಸಾಯನಶಾಸ್ತ್ರದ ಬ್ರಿಡ್ಜ್‌ಗಳಿವೆ. ಕೂದಲಿನ ಪ್ರೋಟೀನ್ ಸರಪಣಿಗಳನ್ನು ಒಂದಕ್ಕೊಂದು ಕಟ್ಟಿರುವುದು ಗಂಧಕದ ಸೇತುವೆಗಳು. ಪಾರ್ಲರಿನಲ್ಲಿ ಗುಂಗುರು ಮಾಡುವಾಗ ಒಂದು ದ್ರಾವಣ ಹಾಕಿ ಅವನ್ನು ಮುರಿದು, ಕೂದಲನ್ನು ಸುರುಳಿ ಸುತ್ತಿ, ಇನ್ನೊಂದು ದ್ರಾವಣದಿಂದ ಹೊಸ ಜಾಗದಲ್ಲಿ ಮತ್ತೆ ಕಟ್ಟುತ್ತಾರೆ. ಬುಡದಿಂದ ಬರುವ ಹೊಸ ಕೂದಲಿಗೆ ಇದ್ಯಾವುದೂ ಗೊತ್ತಿಲ್ಲ, ಅದು ತನ್ನ ಹಳೆಯ ಚಾಳಿಯಲ್ಲೇ ಬೆಳೆಯುತ್ತದೆ.

ಪ್ರಶ್ನೆ: ತಲೆಯೊಳಗೂ ಸೇತುವೆ ಇದೆ ಎಂದು ಎಲ್ಲೋ ಓದಿದೆ. ನಿಜವೇ?

ಉತ್ತರ: ಇದೆ, ಅದೇ ಪಾನ್ಸ್. ಮಿದುಳಿನ ಕಾಂಡದ ನಡುಭಾಗ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. 16ನೇ ಶತಮಾನದಲ್ಲಿ ಕೊಸ್ಟಾಂಜೊ ವರೋಲಿಯೊ ಎಂಬ ಇಟಲಿಯ ವೈದ್ಯ ಮಿದುಳನ್ನು ಕೆಳಗಿನಿಂದ ನೋಡಿದಾಗ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ದಾಟಿದ ದಪ್ಪ ನರದೆಳೆಗಳ ಉಬ್ಬು ಕಾಲುವೆ ಮೇಲಿನ ಸೇತುವೆಯಂತೆ ಕಂಡಿತಂತೆ. ಉಸಿರಾಟದ ಲಯ, ನಿದ್ದೆ, ಮುಖದ ಚಲನೆ, ಎಲ್ಲದರಲ್ಲೂ ಇದರ ಕೈ ಇದೆ.

ಪ್ರಶ್ನೆ: ಬ್ರಿಡ್ಜ್ ಲೋನ್ ಅಂದರೆ ಸೇತುವೆ ಕಟ್ಟುವುದಕ್ಕೆ ಕೊಡುವ ಸಾಲವೇ?

ಉತ್ತರ: ಅಲ್ಲ. ಹಳೆ ಮನೆ ಮಾರಿದ ಹಣ ಬರುವುದು ಮೂರು ತಿಂಗಳ ನಂತರ, ಹೊಸ ಮನೆಗೆ ಕಟ್ಟಬೇಕಾದದ್ದು ಇವತ್ತು. ಈ ಎರಡು ತಾರೀಕುಗಳೇ ದಡ, ನಡುವೆ ದಾಟಿಸುವ ಕೈಸಾಲ ಇದು. ಬಡ್ಡಿ ಸಾಮಾನ್ಯವಾಗಿ ಜಾಸ್ತಿ.

ಪ್ರಶ್ನೆ: 'ವಾಟರ್ ಅಂಡರ್ ದ ಬ್ರಿಡ್ಜ್', 'ಬರ್ನಿಂಗ್ ಬ್ರಿಡ್ಜಸ್', ಇಂಥವನ್ನು ಕನ್ನಡಕ್ಕೆ ತರುವುದು ಹೇಗೆ?

ಉತ್ತರ: ಸೇತುವೆಯನ್ನು ಅಲ್ಲೇ ಬಿಟ್ಟು ಅರ್ಥವನ್ನಷ್ಟೇ ತನ್ನಿ. ಮೊದಲನೆಯದಕ್ಕೆ 'ಆಗಿದ್ದು ಆಗಿಹೋಯಿತು ಬಿಡು' ಸಾಕು. ಸೇತುವೆ ಸುಟ್ಟವನು ನಮ್ಮಲ್ಲಿ 'ಬಂದ ದಾರಿಗೆ ತಾನೇ ಮುಳ್ಳು ಬಡಿದುಕೊಂಡವನು'. ಸೇತುವೆ ಬಂದಾಗ ದಾಟೋಣ ಅನ್ನುವ ಇನ್ನೊಂದಿದೆ, ಅದಕ್ಕೆ 'ಬಂದಾಗ ನೋಡಿಕೊಂಡರಾಯಿತು'. ಸುಮ್ನೆ ಮುಂಚೆಯೇ ತಲೆಕೆಡಿಸಿಕೊಳ್ಳುವವರನ್ನು ಬೈಯಬೇಕಾದರೆ 'ಕೂಸು ಹುಟ್ಟುವ ಮುಂಚೆ ಕುಲಾವಿ' ಇದ್ದೇ ಇದೆ. ನಮ್ಮ ಗಾದೆಗಳಲ್ಲಿ ಹೊಳೆ ಬಂದಾಗ ನೆನಪಾಗುವುದು ಅಂಬಿಗ, ದಾಟಿದ ಮೇಲೆ ಅವನ ಹಂಗು ಬೇಡ ಅನ್ನುವ ಜನರೂ ಅಲ್ಲೇ ಇದ್ದಾರೆ.

ಪ್ರಶ್ನೆ: ಏಳು ಸೇತುವೆಗಳ ಒಗಟು ಬಿಡಿಸಲು ಯಾಕೆ ಆಗುವುದಿಲ್ಲ? ರಾತ್ರಿಯೆಲ್ಲ ಗೆರೆ ಎಳೆದೆ.

ಉತ್ತರ: ನೀವೇ ಸ್ವಾಮಿ, ಸೇತುವೆಯ ಬಗ್ಗೆ ಕೇಳಿದ ಆ ಒಬ್ಬರು! ಓದದವರಿಗೆ ಹೇಳಿಬಿಡುತ್ತೇನೆ: ಕೋನಿಗ್ಸ್‌ಬರ್ಗ್ ಎಂಬ ಊರು, ಈಗ ರಷ್ಯಾದ ಕಲಿನಿನ್‌ಗ್ರಾಡ್. ನಡುವೆ ನದಿ ಕವಲೊಡೆದು ಊರು ನಾಲ್ಕು ತುಂಡಾಗಿತ್ತು, ಅವನ್ನು ಸೇರಿಸುವ ಏಳು ಸೇತುವೆಗಳಿದ್ದವು. ಪ್ರತಿಯೊಂದನ್ನೂ ಒಂದೇ ಒಂದು ಸಲ ದಾಟಿ ಎಲ್ಲವನ್ನೂ ಮುಗಿಸಬಹುದೇ?

ಆಗದು ಎಂದು 1736ರ ಹೊತ್ತಿಗೆ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟ. ದಾರಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಅಲ್ಲ, ಬರೀ ಎಣಿಸಿ. ಹೊರಟ ತುಂಡು, ಮುಗಿಸಿದ ತುಂಡು ಎರಡನ್ನು ಬಿಟ್ಟರೆ, ಬೇರೆ ಯಾವ ತುಂಡಿಗೆ ಒಂದು ಸೇತುವೆಯಿಂದ ಒಳಗೆ ಬಂದರೂ ಇನ್ನೊಂದರಿಂದ ಹೊರಗೆ ಹೋಗಬೇಕು. ಅಂದರೆ ಅಲ್ಲಿ ಸೇತುವೆಗಳು ಜೋಡಿಜೋಡಿಯಾಗಿ ಇರಬೇಕು. ಈ ಊರಿನಲ್ಲಿ ನಡುವಿನ ದ್ವೀಪಕ್ಕೆ ಐದು, ಉಳಿದ ಮೂರಕ್ಕೂ ಮೂರು ಮೂರು. ನಾಲ್ಕೂ ಬೆಸ. ಎರಡಕ್ಕಿಂತ ಜಾಸ್ತಿ ಬೆಸ ಇದ್ದರೆ ಮುಗಿಯಿತು, ಬೆಳಗಿನವರೆಗೆ ಗೆರೆ ಎಳೆದರೂ ಅಷ್ಟೇ. ಆ ಲೆಕ್ಕದಿಂದಲೇ, ಬಿಂದುಗಳನ್ನು ಕೊಂಡಿಗಳಿಂದ ಸೇರಿಸಿದ ಜಾಲಗಳನ್ನು ಅಭ್ಯಾಸ ಮಾಡುವ ಗ್ರಾಫ್ ಥಿಯರಿ ಎಂಬ ಗಣಿತದ ಶಾಖೆ ಹುಟ್ಟಿತು.

ಆ ಶಾಖೆಯಲ್ಲೂ ಮುಂದೆ 'ಬ್ರಿಡ್ಜ್' ಎಂಬ ಪದ ಸೇರಿಕೊಂಡಿತು, ಖಚಿತವಾದ ಅರ್ಥದೊಂದಿಗೆ: ಯಾವ ಒಂದು ಕೊಂಡಿಯನ್ನು ತೆಗೆದರೆ ಇಡೀ ಜಾಲ ಎರಡು ಹೋಳಾಗುತ್ತದೋ ಅದು ಬ್ರಿಡ್ಜ್. ಈಗ ಕೋನಿಗ್ಸ್‌ಬರ್ಗಿನ ಚಿತ್ರ ತೆಗೆದುಕೊಂಡು ಬೇಕಾದ ಒಂದು ಸೇತುವೆಯನ್ನು ಅಳಿಸಿ ನೋಡಿ. ಯಾವುದನ್ನು ಅಳಿಸಿದರೂ ಸುತ್ತುಬಳಸಿ ಆಚೆ ಹೋಗಲು ಇನ್ನೊಂದು ದಾರಿ ಇದ್ದೇ ಇದೆ. ಅಂದರೆ ಆ ಏಳು ಸೇತುವೆಗಳಲ್ಲಿ, ಅವುಗಳಿಂದಲೇ ಹುಟ್ಟಿದ ಗಣಿತದ ಲೆಕ್ಕದಲ್ಲಿ, ಒಂದೂ ಬ್ರಿಡ್ಜ್ ಅಲ್ಲ.